ಬೋರ್ಡಿನ ಹಿಂದಿನ ಬಾವಲಿ, ಗದ್ದೆಯ ಮೇಲಿನ ಹೆಲಿಕಾಪ್ಟರ್ ಚಿಟ್ಟೆ

ಸೊಳ್ಳೆ ಹಿಡಿಯುವವರಲ್ಲಿ ನನ್ನ ಪ್ರೀತಿ ಮೊದಲಿಂದಲೂ ಹೆಲಿಕಾಪ್ಟರ್ ಚಿಟ್ಟೆಯ ಮೇಲೆ. ಕಿರಿಮಂಜೇಶ್ವರದ ನಮ್ಮ ಹೊಲಿಗೆ ಅಂಗಡಿಯ ಹಿಂದೆಯೇ ಗದ್ದೆ. ಗಿರಾಕಿ ಇಲ್ಲದ ಮಧ್ಯಾಹ್ನ ಕಿಟಕಿಯಲ್ಲಿ ನೋಡುತ್ತ ಕೂರುತ್ತೇನೆ. ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ, ಹಿಂದಕ್ಕೂ ಹಾರುತ್ತದೆ, ಆರು ಕಾಲನ್ನು ಬುಟ್ಟಿ ಮಾಡಿ ಹಾರುವ ಸೊಳ್ಳೆಯನ್ನು ಬಾಚಿಕೊಳ್ಳುತ್ತದೆ. ನಾನೋ, ಸೂಜಿಗೆ ನೂಲು ಪೋಣಿಸಲು ಮೂರು ಸಲ ಎಂಜಲು ಹಚ್ಚುವವನು.

ಬಾವಲಿಯ ಮೇಲೆ ಅಷ್ಟು ಅಭಿಮಾನ ಇರಲಿಲ್ಲ. ಅಂಗಡಿಯ ಮರದ ಬೋರ್ಡಿನ ಹಿಂದೆ ಬೆರಳುದ್ದದ ಬಾವಲಿಯೊಂದು ಮನೆ ಮಾಡಿತ್ತು. ದಿನಾ ಬೆಳಿಗ್ಗೆ ಹೊಸ್ತಿಲಲ್ಲಿ ಹಿಕ್ಕೆ. ಹೊಸ ಬೋರ್ಡು ಬಂದ ದಿನ, ಹಳೆಯದನ್ನು ಇಳಿಸಲೆಂದು ಏಣಿ ಹತ್ತಿದೆ. ಬೋರ್ಡು ಅಲುಗಿದ್ದೇ ತಡ, ಬಾವಲಿ ಪುರ್ರನೆ ಹಾರಿ ತೆಂಗಿನ ಗರಿಯೊಳಗೆ ಮರೆಯಾಯಿತು. ಕೆಳಗೆ ಬಟ್ಟೆಯ ರಾಶಿಯ ಮೇಲೆ ಏನೋ ಬಿತ್ತು.

"ಹ್ವಾಯ್, ಕೆಳ್ಗ್ ಬನ್ನಿ! ಮರಿ ಕಾಣಿ!" ಎಂದಳು ಹೆಂಡತಿ ಗುಲಾಬಿ.

ಗೇರುಬೀಜದಷ್ಟು ದೊಡ್ಡದು, ಮೈಮೇಲೆ ಕೂದಲೂ ಇಲ್ಲ. ನಾನು ದಡದಡನೆ ಏಣಿ ಇಳಿದೆ. ಗುಲಾಬಿ ಅದನ್ನು ಬಟ್ಟೆಯ ತುಂಡಿನಲ್ಲಿ ಎತ್ತಿದಳು. ಬೋರ್ಡನ್ನು ಮೊದಲಿನಂತೆಯೇ ಬಿಗಿದು, ಆ ತುಂಡನ್ನು ಅದರ ಅಂಚಿಗೆ ಸಿಕ್ಕಿಸಿದೆವು.

"ಅಬ್ಬಿ ಬರ್ದೇ ಇದ್ರೆ?" ಎಂದೆ, ತಾಯಿ ಹಾರಿಹೋದ ತೆಂಗಿನತ್ತ ನೋಡುತ್ತ.

"ಮರಿ ಬಿಟ್ಟ್ ಎಲ್ಲಿಗ್ ಹೋತ್ತ್?" ಎಂದಳು.

ಕಾದು ಕುಳಿತಾಗ ಗದ್ದೆಯ ನೆನಪಾಯಿತು. ಹೆಲಿಕಾಪ್ಟರ್ ಚಿಟ್ಟೆ ನೀರಿಗೆ ಮೊಟ್ಟೆಯಿಟ್ಟು ಹೋಗಿಬಿಡುತ್ತದೆ. ಮರಿ ನೀರಿನಡಿಯಲ್ಲಿ ತಾನೇ ಬೇಟೆಯಾಡಿ ಬೆಳೆಯುತ್ತದೆ. ಅಮ್ಮ ಯಾರೆಂದು ಕೇಳುವುದಿಲ್ಲ. ಅದೂ ದೊಡ್ಡ ಧೈರ್ಯವೇ. ಈ ಗೇರುಬೀಜಕ್ಕೆ ಗೊತ್ತಿದ್ದದ್ದು ಬಾಯಿ ತೆರೆಯುವುದೊಂದೇ. ನಮಗೆ ಸದ್ದು ಕೇಳಿಸಲಿಲ್ಲ.

ಕೇಳಬೇಕಾದವಳಿಗೆ ಕೇಳಿಸಿತು. ಹೊತ್ತು ಮುಳುಗಿ ಚಿಟ್ಟೆಗಳು ಗದ್ದೆ ಬಿಟ್ಟ ಮೇಲೆ ಬಾವಲಿ ಬಂತು. ನಮ್ಮ ತಲೆಯ ಮೇಲೆ ಸುತ್ತಿ ಸುತ್ತಿ, ಕೊನೆಗೆ ಬಟ್ಟೆಗೆ ಜೋತುಬಿತ್ತು. ಮರಿ ತೆವಳಿ ತೆವಳಿ ಎದೆಗೆ ಕಚ್ಚಿಕೊಂಡಿತು. ಆ ಭಾರ ಹೊತ್ತೇ ಅದು ಹಾರಿತು. ಬೀದಿದೀಪದ ಕೆಳಗೆ ಸರ್ರನೆ ತಿರುಗಿ ಒಂದು ಹುಳವನ್ನೂ ಹಿಡಿಯಿತು!

ಗುಲಾಬಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಏಣಿ ಮಡಚುವ ನೆಪದಲ್ಲಿ ಆಚೆ ತಿರುಗಿದೆ.

ಮರುದಿನ ಬೆಳಿಗ್ಗೆ ಹೊಸ್ತಿಲಲ್ಲಿ ಮತ್ತೆ ಹಿಕ್ಕೆ. ಹೊಸ ಬೋರ್ಡನ್ನು ಪಕ್ಕದ ಗೋಡೆಗೆ ಹೊಡೆದಿದ್ದೇವೆ. ಎರಡು ಬೋರ್ಡು ಎಂತಕ್ಕೆ ಎಂದು ಗಿರಾಕಿಗಳು ಕೇಳಿದರೆ ಗುಲಾಬಿ ದನಿ ತಗ್ಗಿಸಿ ಹೇಳುತ್ತಾಳೆ: "ಮೆಲ್ಲ ಮಾತಾಡಿ, ಬೋರ್ಡಿನ್ ಹಿಂದೆ ಬಾಣಂತಿ ಇತ್ತ್."