ಹಮೀದನ ಹೆಸರಿನ ನನ್ನ ನಂಬರು

ನನ್ನ ಮೊಬೈಲ್ ನಂಬರು ನನ್ನದಲ್ಲ. ಇಪ್ಪತ್ತು ವರ್ಷಗಳಿಂದ ಅದನ್ನು ನನ್ನದೆಂದೇ ಹೇಳಿಕೊಂಡು ತಿರುಗಿದ್ದೇನೆ, ಸ್ಟುಡಿಯೋದ ಬೋರ್ಡಿನ ಮೇಲೆ ಬರೆಸಿದ್ದೇನೆ, ಮೂರು ತಾಲೂಕುಗಳ ಮದುವೆ ಆಲ್ಬಮ್ಮುಗಳ ಬೆನ್ನಿಗೆ ಅಂಟಿಸಿದ್ದೇನೆ. ಆದರೆ ಕಂಪೆನಿಯ ದಾಖಲೆಯಲ್ಲಿ ಅದರ ಒಡೆಯ ಹಮೀದ್.

ಪುಂಜಾಲಕಟ್ಟೆಯಲ್ಲಿ ನನ್ನ ಫೋಟೋ ಸ್ಟುಡಿಯೋಕ್ಕೆ ತಾಗಿಕೊಂಡಿದ್ದ ಕೋಣೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿದ್ದವನು ಈ ಹಮೀದ್. ನಾನು ಮೊದಲ ಸಿಮ್ ತೆಗೆದುಕೊಳ್ಳಲು ಹೊರಟಾಗ ಗುರುತಿನ ಚೀಟಿ ಕೇಳಿದರು. ನನ್ನ ಚೀಟಿ ತಿದ್ದುಪಡಿಗೆ ಹೋಗಿತ್ತು. ಅದರಲ್ಲಿ ಹೆಸರು ನನ್ನದೇ ಇತ್ತು, ಫೋಟೋ ಮಾತ್ರ ಯಾರೋ ಹೆಂಗಸಿನದು. ಊರಿಗೆಲ್ಲ ಫೋಟೋ ತೆಗೆಯುವವನಿಗೇ ಈ ಗತಿ. ಹಮೀದ್ ತನ್ನ ಚೀಟಿಯ ಜೆರಾಕ್ಸ್ ಮುಂದೆ ಮಾಡಿ, "ಯಾರ ಹೆಸರಲ್ಲಿದ್ದರೆ ಎಂತ ಮಾರಾಯ, ಮಾತಾಡುವುದು ನೀನಲ್ವಾ?" ಎಂದ. ನಡುವೆ ಒಮ್ಮೆ ಕಂಪೆನಿಯವರು ಆಧಾರ್ ಕೇಳಿದಾಗಲೂ ಅವನೇ ಬಂದು ಬೆರಳೊತ್ತಿ ಹೋದ.

ಇದರಲ್ಲಿ ನನಗೆ ವಿಚಿತ್ರವೇನೂ ಕಾಣಲಿಲ್ಲ. ಅಳಿಯಕಟ್ಟಿನ ಮನೆಯಲ್ಲಿ ಹುಟ್ಟಿದವನು ನಾನು. ನಮ್ಮಲ್ಲಿ ಆಸ್ತಿ ಹೆಣ್ಣುಮಕ್ಕಳ ಕಡೆಯಿಂದ ಇಳಿದು ಬರುತ್ತಿತ್ತು, ದರ್ಬಾರು ಮಾತ್ರ ಸೋದರಮಾವನದು. ಗದ್ದೆ ಅಜ್ಜಿಯದು, ಬದುವಿನ ಕಟ್ಟಹುಣಿಯಲ್ಲಿ ನಿಂತು ಬೊಬ್ಬೆ ಹೊಡೆಯುವವನು ಮಾವ. ಬೊಬ್ಬೆಯ ಜೋರು ನೋಡಿ ಊರವರು ಗದ್ದೆ ಅವನದೇ ಎಂದು ತಿಳಿದಿದ್ದರು. ಅಜ್ಜಿ ಹೆಬ್ಬೆಟ್ಟು ಒತ್ತದೆ ಒಂದು ಹಲಸಿನ ಮರವನ್ನೂ ಕಡಿಯಲಾಗದು ಎಂಬುದು ಮಾವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಆತ ಅಜ್ಜಿಯ ಹತ್ತಿರ ಎಂದೂ ಜಗಳ ಮಾಡಿದವನಲ್ಲ. ಆ ಬುದ್ಧಿ ನನಗೆ ಬರಲಿಲ್ಲ.

ಜಗಳ ಆದದ್ದು ಹಮೀದನ ಮಗಳ ಮದುವೆಗೆ. ಅಷ್ಟು ಹೊತ್ತಿಗೆ ಅವನು ಅಂಗಡಿಯನ್ನು ಮೂಡುಬಿದಿರೆಗೆ ಸಾಗಿಸಿದ್ದ, ಆದರೂ ನಾಲ್ಕು ಗಂಟೆಯ ಚಾದ ಹೊತ್ತಿಗೆ ನನಗೆ ಫೋನ್ ಮಾಡಿ ಹರಟುವುದನ್ನು ಬಿಟ್ಟಿರಲಿಲ್ಲ. ಮದುವೆಯ ಕರೆಯೋಲೆ ಕೊಡಲು ಮನೆಗೆ ಬಂದವನು ಚಾ ಕುಡಿದ, ಹರಟಿದ, ಫೋಟೋದ ಮಾತೆತ್ತದೆ ಹೋದ. ಹೇಳುವುದೇನುಂಟು, ನಾನೇ ತೆಗೆಯುವವನಲ್ಲವೇ ಎಂದುಕೊಂಡು ನಾನು ಹಿಂದಿನ ದಿನವೇ ಬ್ಯಾಟರಿಗಳನ್ನು ಚಾರ್ಜಿಗಿಟ್ಟೆ. ಮದುವೆ ಹಾಲ್‌ನ ಬಾಗಿಲಿಗೆ ಹೋಗಿ ನೋಡಿದರೆ ಮಂಗಳೂರಿನಿಂದ ಬಂದ ನಾಲ್ಕು ಮಂದಿ ಕಪ್ಪು ಟೀ ಶರಟಿನವರು! ತಲೆಯ ಮೇಲೆ ಡ್ರೋನು ಗುಂಯ್‌ಗುಡುತ್ತಿತ್ತು. ನಾನು ಕ್ಯಾಮೆರಾದ ಬ್ಯಾಗನ್ನು ಹೊಟ್ಟೆನೋವಿನವನ ಹಾಗೆ ಅವುಚಿಕೊಂಡು ಒಂದು ಮೂಲೆಯಲ್ಲಿ ಕಾಲು ಗಂಟೆ ಕುಳಿತೆ. ಊಟ ಮಾಡಲಿಲ್ಲ, ಹೇಳದೆ ಬಂದುಬಿಟ್ಟೆ. ಆಮೇಲೆ ಅವನು ಫೋನ್ ಮಾಡಿದಾಗಲೆಲ್ಲ ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಅವನದೇ ಹೆಸರಿನ ಸಿಮ್ಮಿನಲ್ಲಿ ಅವನಿಗೇ ಉತ್ತರ ಕೊಡದೆ ಕೂತವನು ನಾನು.

ಹಳೆಯ ಕಂಪೆನಿಯ ರೇಂಜು ಸ್ಟುಡಿಯೋದ ಒಳಗೆ ಸಿಗುವುದು ಕಡಿಮೆಯಾದದ್ದು ಅದೇ ಸಮಯಕ್ಕೆ. ಗಿರಾಕಿಯ ಹತ್ತಿರ ಮಾತಾಡಲು ನಾನು ಮಾರ್ಗದ ಆಚೆಯ ಬಸ್‌ಸ್ಟ್ಯಾಂಡಿಗೆ ಓಡಬೇಕಿತ್ತು. ನಂಬರು ಅದೇ ಇಟ್ಟುಕೊಂಡು ಕಂಪೆನಿ ಬದಲಿಸಬಹುದು, ಪೋರ್ಟ್ ಮಾಡುವುದು ಎನ್ನುತ್ತಾರೆ. ಆದರೆ ಪೋರ್ಟ್ ಮಾಡಲಿಕ್ಕೂ ಹಮೀದನ ಬೆರಳೇ ಬೇಕು. ಅವನ ಕಾಲು ಹಿಡಿಯಬೇಕೇ ಎಂದು ಬೇರೆ ಕಂಪೆನಿಯ ಹೊಸ ಸಿಮ್, ಹೊಸ ನಂಬರು ತೆಗೆದುಕೊಂಡೆ. ಹಳೆಯದನ್ನು ಮೇಜಿನ ಡ್ರಾವರಿಗೆ ಹಾಕಿದೆ, ರೀಚಾರ್ಜ್ ಮಾಡಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಾ ಎಂದರೆ ಬಂದೀತೇ ಎಂದು ಹಿರಿಯರು ಕೇಳಿದ್ದಾರೆ. ನಾನೂ ಎಷ್ಟೋ ಜನರಿಗೆ ಈ ಗಾದೆ ಹೇಳಿದ್ದೆ.

ಕೆಲವು ತಿಂಗಳ ಮೇಲೆ ನರಿಕೊಂಬಿನಿಂದ ಒಬ್ಬ ಹೆಂಗಸು ಎರಡು ಬಸ್ಸು ಹಿಡಿದು ಸ್ಟುಡಿಯೋಕ್ಕೆ ಬಂದರು. ನಾನು ತೆಗೆದಿದ್ದ ಅವರ ಮದುವೆ ಆಲ್ಬಮ್ಮಿಗೆ ಒರಲೆ ಹಿಡಿದು ಹಾಳೆಗಳನ್ನು ತಿಂದು ಹಾಕಿತ್ತು. ಬಾಗಿಲಲ್ಲೇ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವು ಉಂಟಾ?" ಎಂದು ಕೇಳಿದರು. "ಆಲ್ಬಮ್ಮಿನ ಹಿಂದೆ ಇರುವ ನಂಬರಿಗೆ ಮಾಡಿದರೆ ಅದು ಚಾಲ್ತಿಯಲ್ಲಿ ಇಲ್ಲ ಅಂತ ಹೇಳ್ತಾಳೆ. ನಾನು ನೀವೇ ಹೋದದ್ದು ಅಂತ ಎಣಿಸಿದೆ."

ನಗು ಬಂತು, ಜೊತೆಗೆ ಸ್ವಲ್ಪ ಹೆದರಿಕೆಯೂ ಆಯಿತು. ಹಳೆಯ ಗಿರಾಕಿಗಳ ಪಾಲಿಗೆ ನಾನು ಸತ್ತು ಎಷ್ಟು ದಿನವಾಯಿತೋ! ಮರುದಿನವೇ ಬೆಳ್ತಂಗಡಿಗೆ ಹೋಗಿ ಹಳೆಯ ಕಂಪೆನಿಯ ಕೌಂಟರಿನಲ್ಲಿ ವಿಚಾರಿಸಿದೆ.

"ನಂಬರ್ ಯಾರಿಗೂ ಕೊಟ್ಟಿಲ್ಲ ಸರ್. ಆದರೆ ಹೆಚ್ಚು ದಿನ ಇಡುವುದಿಲ್ಲ. ಶನಿವಾರದೊಳಗೆ ಬಂದರೆ ಸಿಗ್ತದೆ," ಎಂದಳು ಕೌಂಟರಿನಾಕೆ. "ಯಾರ ಹೆಸರಲ್ಲಿ ಉಂಟೋ ಅವರೇ ಬರಬೇಕು. ನೀವು ಬಂದರೆ ಆಗುವುದಿಲ್ಲ."

ಅಂದು ಬುಧವಾರ. ಗುರುವಾರವಿಡೀ ನನ್ನ ಮಾನವನ್ನೂ ನಂಬರನ್ನೂ ತೂಗುತ್ತಾ ಕಳೆದೆ. ಹೊಸ ನಂಬರಿನಿಂದ ಅವನಿಗೆ ಫೋನ್ ಮಾಡಬಹುದಿತ್ತು. ಆದರೆ ಅವನ ನಂಬರು ನನಗೆ ಬಾಯಿಪಾಠವಿಲ್ಲ, ಸಿಟ್ಟಿನಲ್ಲಿ ಅದನ್ನು ಅಳಿಸಿಯೂ ಬಿಟ್ಟಿದ್ದೆ. ನಿಜ ಹೇಳುತ್ತೇನೆ, ನಂಬರು ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿಮಾಡಿದಾಗಲೂ ಹಮೀದ್ ಹೋಗಲಿ ಎಂದು ಹೇಳಿಕೊಳ್ಳಲು ಆಗಲಿಲ್ಲ. ಅವನಿಲ್ಲದೆ ನಾಲ್ಕು ಗಂಟೆಯ ಚಾ ನನಗೆ ಬರೀ ಬಿಸಿನೀರಾಗಿತ್ತು. ಶುಕ್ರವಾರ ಸ್ಕೂಟರ್ ಹತ್ತಿ ಮೂಡುಬಿದಿರೆಗೆ ಹೋದೆ.

ಜುಮ್ಮಾ ನಮಾಜು ಮುಗಿಸಿ ಬಂದು ಆಗಷ್ಟೇ ಅಂಗಡಿಯ ಶಟರ್ ಎತ್ತುತ್ತಿದ್ದ ಹಮೀದ್ ನನ್ನನ್ನು ನೋಡಿ, "ಬಾ ಜಗ್ಗು, ಕೂತುಕೋ," ಎಂದ. ನಿನ್ನೆ ಸಂಜೆ ಬಿಟ್ಟುಹೋದವನನ್ನು ಕರೆಯುವ ಹಾಗಿತ್ತು ಧ್ವನಿ. ನಾನು ಸಿಮ್ಮಿನ ವಿಷಯ ಹೇಳಿದೆ. "ಬೆರಳಲ್ವಾ, ಕೊಡ್ತೇನೆ," ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನನ್ನ ನಾಲಿಗೆ ಕೇಳಬೇಕಲ್ಲ!

"ಮಗಳ ಮದುವೆಗೆ ನನ್ನ ಕ್ಯಾಮೆರಾ ಬೇಡವಾಯ್ತಾ ನಿನಗೆ?"

ಅವನು ಕೈಯಲ್ಲಿದ್ದ ಬಳೆಯ ಪೆಟ್ಟಿಗೆಯನ್ನು ಕೆಳಗಿಟ್ಟ. "ನೀನು ಯಾವ ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಉಂಡದ್ದುಂಟು, ಹೇಳು ನೋಡುವ? ಎಲ್ಲರದ್ದೂ ಆಗಿ, ಪಾಯಸ ಮುಗಿದ ಮೇಲೆ ಅಡಿಗೆಯವರೊಟ್ಟಿಗೆ ಕೂರುವವ ನೀನು. ನನ್ನ ಮಗಳ ಮದುವೆಗಾದರೂ ಬಿಸಿ ಬಿರಿಯಾನಿ ತಿನ್ನಲಿ, ಮನೆಯವನ ಹಾಗೆ ಫೋಟೋದಲ್ಲಿ ನಿಲ್ಲಲಿ ಅಂತ ಬೇರೆಯವರನ್ನು ಕರೆಸಿದೆ. ನನ್ನ ಪಕ್ಕದ ಕುರ್ಚಿಯಲ್ಲಿ ಯಾರನ್ನೂ ಕೂರಲಿಕ್ಕೆ ಬಿಡಲಿಲ್ಲ. ನೀನು ಊಟಕ್ಕೆ ಬರಲೇ ಇಲ್ಲ."

"ಮೊದಲೇ ಹೇಳಬಾರದಿತ್ತಾ?"

"ಹೇಳಿದರೆ ನೀನು ಕ್ಯಾಮೆರಾ ಬಿಟ್ಟು ಬರುವವನಾ?"

ಬರುವವನಲ್ಲ. ಇಪ್ಪತ್ತೈದು ವರ್ಷ ಕೊನೆಯ ಪಂಕ್ತಿಯಲ್ಲಿ ಉಂಡರೂ ನನಗೆ ಬೇಸರವಾಗಿರಲಿಲ್ಲ. ಯಾರೋ ಅದನ್ನು ಕಂಡು ನನಗಾಗಿ ಬೇಸರಪಟ್ಟಿದ್ದರು ಎಂದು ಗೊತ್ತಾದಾಗ ಮಾತ್ರ ಕಣ್ಣು ತುಂಬಿತು. ಅವನು ಆಲ್ಬಮ್ ತಂದು ತೋರಿಸಿದ. ಒಂದು ಫೋಟೋದ ಮೂಲೆಯಲ್ಲಿ ಬ್ಯಾಗ್ ಅವುಚಿಕೊಂಡು ಮುಖ ಊದಿಸಿಕೊಂಡು ಕುಳಿತ ನಾನಿದ್ದೆ. ಮಂಗಳೂರಿನವರು ಚೆನ್ನಾಗಿಯೇ ತೆಗೆದಿದ್ದರು. ಅದನ್ನು ಒಪ್ಪಿಕೊಳ್ಳುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ಶನಿವಾರ ಇಬ್ಬರೂ ಬೆಳ್ತಂಗಡಿಯ ಕೌಂಟರಿನ ಮುಂದೆ ನಿಂತೆವು. ಬಳೆ ಮಾರಿ ಸವೆದ ಹಮೀದನ ಹೆಬ್ಬೆರಳನ್ನು ಯಂತ್ರ ಎರಡು ಸಲ ಒಪ್ಪಲಿಲ್ಲ. ಅವನು ಬೆರಳನ್ನು ನನ್ನ ಅಂಗಿಗೆ ಒರೆಸಿ ಮೂರನೆಯ ಸಲ ಒತ್ತಿದ. ಹಸಿರು ದೀಪ ಹತ್ತಿತು. ಕೌಂಟರಿನಾಕೆ ಹೊಸ ಸಿಮ್ ನನ್ನ ಕೈಗಿತ್ತು, "ಸರ್, ಹೇಗೂ ಇಬ್ಬರೂ ಬಂದಿದ್ದೀರಿ. ಇದನ್ನು ನಿಮ್ಮ ಹೆಸರಿಗೇ ಮಾಡಿಸಿಕೊಳ್ಳಿ. ಒಂದು ಫಾರ್ಮ್ ಅಷ್ಟೇ," ಎಂದಳು. ಹಮೀದ್ ಪೆನ್ನಿಗೆ ಕೈ ಚಾಚಿದ.

"ಬೇಡ," ಎಂದೆ. "ಇವನ ಹೆಸರಲ್ಲೇ ಇರಲಿ."

"ನಾಳೆ ಏನಾದರೂ ಆದರೆ ಪುನಃ ಇವರನ್ನು ಹುಡುಕಿಕೊಂಡು ಹೋಗಬೇಕಾಗ್ತದೆ ಸರ್."

"ಹೌದಲ್ಲ," ಎಂದೆ, "ಅದಕ್ಕೇ ಹೇಳಿದ್ದು."