ಮುಂದಿನ ಚಕ್ರಕ್ಕೆ ಸರಪಳಿ

ನನ್ನ ತಮ್ಮ ಮರ್ವಿನ್‌ಗೆ ಐವತ್ತೆರಡು ವರ್ಷ. ಇಪ್ಪತ್ತೊಂದು ಚಳಿಗಾಲದಿಂದ ಹಿಮದ ಗುಡ್ಡದ ಬುಡದಲ್ಲಿ ನಿಂತು, ಸ್ಕೀ ಆಡಲು ಬರುವವರ ಕಾರು ಹಿಮದಲ್ಲಿ ಜಾರದಂತೆ ಅದರ ಚಕ್ರಗಳಿಗೆ ಸರಪಳಿ ಕಟ್ಟುತ್ತಾನೆ. ಪಕ್ಕದಲ್ಲೇ ಗಾಡಿ ಇಟ್ಟುಕೊಂಡು ಮಾಂಸ ತುಂಬಿದ ಬಿಸಿ ಪೈ, ಚಹಾ ಮಾರುವ ನಾನು ಅವನ ಬಡಾಯಿಯನ್ನೂ ಅಷ್ಟೇ ಚಳಿಗಾಲದಿಂದ ಸಹಿಸಿದ್ದೇನೆ. ನಮ್ಮ ಒಟಾಗೋ ಸೀಮೆಯಲ್ಲಿ ಅವನಷ್ಟು ಚುರುಕಾಗಿ ಸರಪಳಿ ಕಟ್ಟುವವರು ಇನ್ನೊಬ್ಬರಿಲ್ಲ, ಒಪ್ಪುತ್ತೇನೆ. ಒಂದು ಜೋಡಿಗೆ ಎರಡೇ ನಿಮಿಷ. ಆ ಎರಡು ನಿಮಿಷವೂ ಬಯ್ಯುತ್ತಲೇ ಇರುತ್ತಾನೆ.

ಪೇಟೆಯವರು ಯಾರಾದರೂ "ಯಾವ ಚಕ್ರಕ್ಕೆ ಹಾಕ್ಬೇಕು ಅಣ್ಣಾ?" ಎಂದು ಕೇಳಿದರೆ ಮುಗಿಯಿತು.

"ಗಾಡೀನ ಯಾವ ಚಕ್ರ ಓಡ್ಸತ್ತೆ ಅಂತ್ಲೇ ಗೊತ್ತಿಲ್ಲ, ಗುಡ್ಡ ಹತ್ತಕ್ಕೆ ಬಂದ್ಬಿಟ್ರಾ? ಮನೇಲಿ ಸುಮ್ನೆ ಬೆಚ್ಚಗೆ ಕೂತ್ಕೊಳ್ಳಿ ಸ್ವಾಮಿ."

ಅವನಿಗೇನು, ಅವನ ಹಳೆಯ ಸುಬಾರು ಕಾರಿನಲ್ಲಿ ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುತ್ತಿತ್ತು. ಅಂಥ ಗಾಡಿಗೆ ಸರಪಳಿ ಬೇಡ, ಗುಡ್ಡದ ದಾರಿಯ ಗೇಟಿನವನು ಕೈಬೀಸಿ ಬಿಟ್ಟುಬಿಡುತ್ತಾನೆ. ಆದರೆ ಇರಲಾರದೆ ಇರುವೆ ಬಿಟ್ಟುಕೊಳ್ಳುವ ಜಾತಿ ನನ್ನ ತಮ್ಮನದು. ಕಳೆದ ಬೇಸಿಗೆಯಲ್ಲಿ ಊರಿನ ಪಡ್ಡೆಗಳು ಹಿಂದಿನ ಚಕ್ರಕ್ಕೆ ಮಾತ್ರ ಬಲ ಹೋಗುವ ಹಿಂಚಕ್ರದ ಕಾರುಗಳನ್ನು ಬಾಲ ಬೀಸಿಕೊಂಡು ಗಿರಗಿರನೆ ಸುತ್ತಿಸುವುದನ್ನು ನೋಡಿ ಬಂದ.

"ಫೋರ್‌ವೀಲ್ ಅಂದ್ರೆ ಅಜ್ಜಿಯರ ಗಾಡಿ ಕಣಕ್ಕ. ಇದನ್ನ ಹಿಂಚಕ್ರದ್ದು ಮಾಡ್ತೀನಿ."

"ಮಾಡು. ನಿಂಗೂ ವಯಸ್ಸು ಹಿಂದಕ್ಕೇ ಓಡ್ತಿದೆ."

ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಎರಡು ಶಾಫ್ಟುಗಳನ್ನು ಬಿಚ್ಚಿದ. ಚಕ್ರ ಕಳಚದಂತೆ ಅವುಗಳ ಹೊರತುದಿಯನ್ನು ಮಾತ್ರ ಅಲ್ಲೇ ಉಳಿಸಿದ; ಅಷ್ಟು ಬುದ್ಧಿ ದೇವರು ಕೊಟ್ಟಿದ್ದ. ಬೀದಿಯವರನ್ನೆಲ್ಲ ಕರೆದು, ಕೂತು, ಎಕ್ಸಲರೇಟರ್ ತುಳಿದ. ಎಂಜಿನ್ ಅರಚಿಕೊಂಡಿತು. ಕಾರು ಕೆಸರಲ್ಲಿ ಕೂತ ಎಮ್ಮೆಯ ಹಾಗೆ ಅಲ್ಲಾಡಲಿಲ್ಲ. ಬಲವೆಲ್ಲ ಬಿಚ್ಚಿದ ಕಡೆಗೇ ಹರಿದು ಪೋಲಾಗುತ್ತಿತ್ತು, ಹಿಂದಕ್ಕೆ ಬರುತ್ತಲೇ ಇರಲಿಲ್ಲ. ಮತ್ತೆ ಒಂದು ತಿಂಗಳು ಗೇರ್‌ಬಾಕ್ಸ್ ಇಳಿಸಿ, ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಗೇರುಗಳನ್ನು, ಬಲವೆಲ್ಲ ಹಿಂದಿನ ಚಕ್ರಕ್ಕೇ ಹೋಗುವಂತೆ, ವೆಲ್ಡ್ ಮಾಡಿ ಗಟ್ಟಿ ಮಾಡಿದ. ಇನ್ನು ಬೇಕೆಂದರೂ ಅದು ಮೊದಲಿನಂತಾಗುವುದಿಲ್ಲ. ಡಿಕ್ಕಿಯ ಮೇಲಿನ 'ಫೋರ್‌ವೀಲ್' ಎಂಬ ಪಟ್ಟಿಯನ್ನು ಮಾತ್ರ ಕೀಳಲಿಲ್ಲ.

ಅವನ ಮಗಳು ಐಲ್ಸಾ, ಹದಿನೈದು ವರ್ಷದವಳು, ಶಾಲೆಗಳ ಸ್ಕೀ ಪಂದ್ಯದಲ್ಲಿ ಇಳಿಯುತ್ತಾಳೆ. ಕಳೆದ ಎರಡು ವರ್ಷವೂ ಅಪ್ಪ ನೋಡಲು ಹೋಗಲಿಲ್ಲ. ಪಂದ್ಯದ ದಿನವೇ ಸರಪಳಿಗೆ ಸುಗ್ಗಿ. ಈ ಸಲದ್ದು ಕೊನೆಯದು. ಚಳಿಗಾಲ ಮುಗಿದರೆ ಅವಳು ಅಮ್ಮನ ಜೊತೆ ಇರಲು ಬ್ರಿಸ್ಬೇನಿಗೆ ಹೋಗುವವಳು. ಅಲ್ಲಿ ಹಿಮವಿಲ್ಲ.

"ಬರ್ತೀಯಾ ಅಪ್ಪ? ಹತ್ತೂವರೆಗೆ ನನ್ ಸರದಿ."

"ಗುಡ್ಡ ಉರುಳಿದ್ರೂ ಬರ್ತೀನಿ ಪುಟ್ಟಿ."

ಪಂದ್ಯದ ದಿನ ಅವಳು ಶಾಲೆಯ ಬಸ್ಸಿನಲ್ಲಿ ಬೆಳಿಗ್ಗೆಯೇ ಹೋದಳು. ನಾನು ಅಂದು ಪೈ ಗಾಡಿ ತೆರೆಯದೆ ಕಾರಿನಲ್ಲಿ ಮರ್ವಿನ್ ಪಕ್ಕ ಕೂತೆ. ಅವನು ಬೇಡವೆಂದರೂ ಒಂದು ಜೋಡಿ ಸರಪಳಿ ಹಿಂದಿನ ಸೀಟಿಗೆ ಎಸೆದೆ. ಗೇಟಿನ ಬಳಿ, ಎರಡೇ ಚಕ್ರಕ್ಕೆ ಬಲ ಹೋಗುವ ಕಾರಿನವರೆಲ್ಲ ಸರಪಳಿ ಕಟ್ಟಲೇಬೇಕೆಂದು ಫಲಕ ಹಾಕಿದ್ದರು. ಗೇಟಿನವನು ಡಿಕ್ಕಿಯ ಪಟ್ಟಿ ನೋಡಿ ಕೈಬೀಸಿದ. ಮರ್ವಿನ್ ಸ್ಟೇರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರ ಹಾಕಿ ಮುಂದೆ ಹೋದ. ನಾನೂ ಸುಮ್ಮನಿದ್ದೆ. ಈ ಬಡಾಯಿ ಎಲ್ಲಿಯವರೆಗೆ ಹತ್ತುತ್ತದೆ ನೋಡೋಣ ಅನ್ನಿಸಿತ್ತು.

ಮೂರನೇ ತಿರುವಿನವರೆಗೆ ಹತ್ತಿತು. ಅಲ್ಲಿ ಹಿಂದಿನ ಚಕ್ರಗಳು ಇದ್ದಲ್ಲೇ ತಿರುಗಿ ಹಿಮ ಎರಚಿದವು, ಕಾರು ನಿಂತುಬಿಟ್ಟಿತು. ಹಿಂದೆ ಹಾರನ್ನುಗಳ ಸಾಲು. ಗಂಟೆ ಹತ್ತು ದಾಟಿ ಹತ್ತು ನಿಮಿಷ. ಮರ್ವಿನ್ ಕೆಂಪಗಾಗಿ ಇಳಿದ.

"ಚೈನ್ ಕೊಡಕ್ಕ. ಎರಡು ನಿಮಿಷ."

ಕೊಟ್ಟೆ. ಅವನು ಮಂಡಿಯೂರಿದ. ಇಪ್ಪತ್ತೊಂದು ವರ್ಷದಿಂದ ಅವನ ಕೈಗೆ ಬಂದ ಕಾರುಗಳಲ್ಲಿ ನೂರಕ್ಕೆ ತೊಂಬತ್ತು ಪಾಲು ಮುಂಚಕ್ರದವು. ಕೈ ತನಗೆ ಗೊತ್ತಿದ್ದ ಕಡೆಗೇ ಹೋಯಿತು. ಮುಂದಿನ ಎರಡೂ ಚಕ್ರಕ್ಕೆ, ಒಂದು ಕೊಂಡಿಯೂ ತಪ್ಪದಂತೆ, ಚೆಂದವಾಗಿ ಕಟ್ಟಿದ. ನಾನು ನನ್ನ ಹಳದಿ ಕೋಟಿನ ಜೇಬಿನಲ್ಲಿ ಕೈಯಿಟ್ಟು ನೋಡುತ್ತಾ ನಿಂತಿದ್ದೆ. ಬಾಯಿ ಬಿಡಲಿಲ್ಲ. ಒಳಗೊಳಗೇ ನಗು ತಡೆಯಲಾಗುತ್ತಿರಲಿಲ್ಲ.

ಅವನು ಕೂತು ಜೋರಾಗಿ ತುಳಿದ. ಬಾಲ ಬೀಸಿತು, ಅವನು ಬಯಸಿದ್ದ ಹಾಗೆಯೇ. ಹಿಂಭಾಗ ಹೊರಳಿ ಚರಂಡಿಗೆ ಕೂತಿತು. ಹಿಂದಿನ ಕಾರಿನ ಪೇಟೆಯವನೊಬ್ಬ ಇಳಿದು ಬಂದು, ಬಗ್ಗಿ ನೋಡಿ, ಮೆಲ್ಲಗೆ ಕೇಳಿದ: "ಅಣ್ಣಾ, ನಿಮ್ ಗಾಡೀನ ಯಾವ ಚಕ್ರ ಓಡ್ಸತ್ತೆ?"

ನಾನು ಗಟ್ಟಿಯಾಗಿ ನಕ್ಕೆ. ಟ್ರಾಕ್ಟರ್ ಬಂದು ಕಾರನ್ನು ಎಳೆದುಹಾಕಿತು; ನಾವು ಯಾರದೋ ವ್ಯಾನಿನಲ್ಲಿ ಮೇಲೆ ಮುಟ್ಟುವಾಗ ಹನ್ನೊಂದೂಕಾಲು.

ಐಲ್ಸಾ ಸ್ಕೀ ಹಲಗೆಗಳನ್ನು ಹೆಗಲಿಗೇರಿಸಿ ನಿಂತಿದ್ದಳು. ಮೂರನೆಯವಳಾಗಿ ಬಂದಿದ್ದಳು. ಮರ್ವಿನ್ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಿದ್ದ.

"ಪುಟ್ಟಿ, ಗಾಡಿ…"

"ಗೊತ್ತು ಅಪ್ಪ. ಪಂದ್ಯ ಶುರುವಾಗೋ ಜಾಗದಿಂದ ಆ ತಿರುವು ಕಾಣತ್ತೆ. ನೀನು ಮುಂದಿನ ಚಕ್ರಕ್ಕೆ ಕಟ್ತಿದ್ದೆ. ಬೇಡ ಅಂತ ಅಲ್ಲಿಂದ ಕೂಗ್ದೆ, ಕೇಳ್ಸಲ್ಲ ಅಂತ ಗೊತ್ತಿದ್ರೂ."

ಅವನನ್ನು ಅಪ್ಪಿಕೊಂಡಳು. ಅವನು ಅತ್ತ. ನನ್ನ ತಮ್ಮ ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವನ ಭುಜದ ಮೇಲಿಂದ ಅವಳು ನನ್ನ ಹಳದಿ ಕೋಟನ್ನು ನೋಡಿದಳು.

"ನೀನು ಪಕ್ಕದಲ್ಲೇ ನಿಂತಿದ್ದೆಯಲ್ಲ ಅತ್ತೆ," ಎಂದಳು. "ನೀನ್ಯಾಕೆ ಹೇಳ್ಲಿಲ್ಲ?"