ಚಂದ್ರನ ಮೇಲೆ ಬಳ್ಳಾರಿಯ ಮಣ್ಣು

“ಚಾಚಾ, ಯಾವ ಪುಸ್ತಕದಾಗೂ ಇಲ್ಲದ ಗುಂಡಿ ಸಿಕ್ಕೈತಿ! ನಾಳೇನ ಪೇಪರ್‌ಗೆ ಕಳಸ್ತೀನಿ!” ಎಂದು ಕೂಗಿಯೇಬಿಟ್ಟೆ. ಲ್ಯಾಪ್‌ಟಾಪ್ ಪರದೆಯ ತುಂಬ ಸಂಜೆಯ ಅರ್ಧಚಂದ್ರ, ಅವನ ನಡುವೆ ದುಂಡನೆಯ ಕಪ್ಪು ಚುಕ್ಕೆ.

ನಾನು ಸಿರುಗುಪ್ಪದ ವಿಜ್ಞಾನ ಮೇಷ್ಟ್ರು. ಬಳ್ಳಾರಿಯಲ್ಲಿ ಗಡಿಯಾರ ರಿಪೇರಿ ಮಾಡುವ ಖಾಸಿಂ ಚಾಚಾ ಅಂದು ನನ್ನ ಅಗ್ಗದ ವೆಬ್‌ಕ್ಯಾಮಿನ ಲೆನ್ಸ್ ಬಿಚ್ಚಿ, ಖಾಲಿ ಫಿಲ್ಮ್ ರೋಲಿನ ಡಬ್ಬಿಯೊಳಗೆ ಕ್ಯಾಮೆರಾವನ್ನು ಕೂರಿಸಿ, ಟೆಲಿಸ್ಕೋಪಿನಲ್ಲಿ ಕಣ್ಣಿಡುವ ಜಾಗಕ್ಕೆ ಸಿಕ್ಕಿಸಿದ್ದರು. ಅವರ ಅಂಗಡಿಯ ಮಾಳಿಗೆಯ ಮೇಲೇ ಇದ್ದೆವು. ಕೆಳಗಿನ ರಸ್ತೆಯಲ್ಲಿ ಅದಿರಿನ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ.

ಚಾಚಾ ಪರದೆಯನ್ನು ಸ್ವಲ್ಪ ಹೊತ್ತು ನೋಡಿ ನಕ್ಕರು.

“ಮಾಸ್ತರ್ರ, ಚಂದ್ರ ಸರಕೋಂತ ಹೊಂಟಾನ, ನಿಮ್ಮ ಗುಂಡಿ ಮಾತ್ರ ನಿಂತಲ್ಲೇ ನಿಂತೈತಿ. ಅದು ಅದಿರಿನ ಧೂಳ್ರೀ. ದಿನಾ ಗಡಿಯಾರದಾಗಿಂದ ನಾನು ಊದಿ ತಗಿಯೂದು ಇದನ್ನ!”

ಕ್ಯಾಮೆರಾ ಬಿಚ್ಚಿ, ಗಡಿಯಾರಕ್ಕೆ ಗಾಳಿ ಹೊಡೆಯುವ ರಬ್ಬರ್ ಬುರುಡೆಯನ್ನು ಎರಡು ಸಲ ಒತ್ತಿದರು. ನನ್ನ ಗುಂಡಿ ಮಾಯವಾಗಿ, ಚಂದ್ರನ ಸ್ವಂತ ಗುಂಡಿಗಳು ಥಳಥಳ ಹೊಳೆದವು.

ಆಮೇಲೆ ಎಷ್ಟೋ ಒಳ್ಳೆಯ ಚಿತ್ರಗಳು ಬಂದವು. ಆದರೆ ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿರುವುದು ಆ ಮೊದಲನೆಯದನ್ನೇ. ಆ ವರ್ಷಗಳಲ್ಲಿ ಬಳ್ಳಾರಿಯ ಮಣ್ಣು ಹಡಗು ಹತ್ತಿ ಎಲ್ಲೆಲ್ಲಿಗೋ ಹೋಯಿತು. ಚಂದ್ರನ ಮೇಲೆ ಕೂತದ್ದು ಇದೊಂದೇ ಕಣ.